ಗಾನಯೋಗಿ ಪಂಚಾಕ್ಷರ ಗವಾಯಿಗಳು: ಅಂಧ ಮಕ್ಕಳಿಗೆ ಕಾಯಕದ ದಾರಿ ತೋರಿದ ಪುಣ್ಯಪುರುಷರು

ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದಲ್ಲಿ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರ ಪುಣ್ಯಸ್ಮರಣೆ ಜರುಗುತ್ತದೆ. ಗವಾಯಿಗಳು ಲಿಂಗೈಕ್ಯರಾಗಿ ಎಂಟು ದಶಕಗಳು ಸಂದಿದ್ದರೂ ಅವರ ಪರಂಪರೆಯ ಹೆಸರು ಹೇಳಿಕೊಂಡು ಹಾಡುವವರು, ತಬಲಾ ನುಡಿಸುವವರು, ಕೀರ್ತನೆ ಮಾಡುವವರು ನಾಡಿನ ತುಂಬ ಇದ್ದಾರೆ. ಅವರಲ್ಲಿ ಬಹಳ ಮಂದಿ ಕಣ್ಣಿಲ್ಲದವರು. ಅವರು ಇನ್ನೊಬ್ಬರ ಮುಂದೆ ಕೈಯೊಡ್ಡದೆ ತಾವೇ ದುಡಿದು, ಸಂಸಾರ ಸಾಕಿ, ಊರಲ್ಲಿ ಮರ್ಯಾದೆಯಿಂದ ಬಾಳುವಂತಾದದ್ದು ಹೇಗೆ ಎಂಬುದನ್ನು ನಮ್ಮ ಗಡಿಭಾಗದ ಸದ್ಭಕ್ತರು ತಿಳಿಯಬೇಕೆಂಬ ಉದ್ದೇಶದಿಂದ ಈ ಮಹನೀಯರ ಜೀವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಕೊಡಲಾಗಿದೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಆದವಾನಿ, ಆಲೂರು, ಎಮ್ಮಿಗನೂರು, ಕೋಸಿಗಿ, ಹೊಳಗುಂದ ಭಾಗದ ನಮ್ಮ ಹಳ್ಳಿಗಳಲ್ಲಿ ಕಣ್ಣು, ಕಿವಿ, ಕೈಕಾಲು ಊನವಾದ ಮಕ್ಕಳನ್ನು ಈಗ ಶಾಲೆಗೆ ಕಳಿಸುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಹತ್ತನೆಯ ತರಗತಿ ಮುಗಿಸಿದ ಮೇಲೆ ಇವರಲ್ಲಿ ಅನೇಕರು ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಜೊತೆಯಲ್ಲಿ ಓದಿದವರು ಹೊಲಕ್ಕೋ, ಅಡತಿ ಅಂಗಡಿಗೋ, ಕಾಲೇಜಿಗೋ ಹೋದಾಗ ಇವರು ಹೋಗುವ ಜಾಗ ಯಾವುದೆಂದು ಹೇಳುವವರಿಲ್ಲ. ತಮ್ಮ ಕಾಲ ಮುಗಿದ ಮೇಲೆ ಈ ಮಗುವಿನ ಗತಿಯೇನು ಎಂಬ ಚಿಂತೆ ಹೆತ್ತವರನ್ನು ಹಗಲಿರುಳು ಕಾಡುತ್ತದೆ. ಗವಾಯಿಗಳ ಬಾಳು ಈ ಚಿಂತೆಗೆ ಒಂದು ಉತ್ತರವಾಗಿದೆ. ಅವರು ಅಂಧ ಮಕ್ಕಳಿಗೆ ಅನ್ನ ಹಾಕಿದರು, ವಿದ್ಯೆ ಕಲಿಸಿದರು. ಅಷ್ಟಕ್ಕೇ ನಿಲ್ಲದೆ ಕಲಿತವರನ್ನು ದುಡಿಮೆಯ ಬಾಗಿಲವರೆಗೆ ತಾವೇ ಕರೆದೊಯ್ದು ಬಿಟ್ಟರು.

ಜನನ ಮತ್ತು ಬಾಲ್ಯ

ಪಂಚಾಕ್ಷರ ಗವಾಯಿಗಳು 1892ನೆಯ ಇಸವಿ ಫೆಬ್ರವರಿ 2ರಂದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಈಗ ಹಾವೇರಿ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಬಡ ಜಂಗಮ ಮನೆತನ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವರ ಅಣ್ಣನಿಗೂ ಅದೇ ಸ್ಥಿತಿ. ಒಂದೇ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ಆ ತಾಯಿತಂದೆಯರ ಸಂಕಟ ಎಂಥದಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಇಂಥ ಮಕ್ಕಳಿಗೆ ಶಾಲೆಯೆಂಬುದೇ ಇರಲಿಲ್ಲ. ನಮ್ಮ ದೇಶದ ಮೊದಲ ಅಂಧರ ಶಾಲೆ ಅಮೃತಸರದಲ್ಲಿ ಪ್ರಾರಂಭವಾದದ್ದು 1887ರಲ್ಲಿ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಹಾನಗಲ್ಲ ಸೀಮೆಯ ಹಳ್ಳಿಯ ಬಡವರಿಗೆ ಇವೆರಡೂ ದೂರದ ಮಾತು. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯಾದರೂ ಭಾರತದ ಎಲ್ಲ ಭಾಷೆಗಳಿಗೆ ಒಂದೇ ಪದ್ಧತಿಯಾಗಿ ಬಂದದ್ದು 1951ರಲ್ಲಿ. ಹೀಗಾಗಿ ಗದಿಗೆಯ್ಯ ಕಲಿತದ್ದೆಲ್ಲ ಕಿವಿಯಿಂದ ಕೇಳಿ, ಮನಸ್ಸಿನಲ್ಲಿ ಇಟ್ಟುಕೊಂಡು ಕಲಿತದ್ದು. ಅಣ್ಣತಮ್ಮಂದಿರಿಗೆ ಹಾಡಿನ ಮೇಲೆ ಒಲವಿತ್ತು, ಕಂಠವೂ ಚೆನ್ನಾಗಿತ್ತು. ಮನೆಯಲ್ಲಿದ್ದ ಏಕೈಕ ಆಸ್ತಿ ಅದೇ.

ಕುಮಾರ ಮಹಾಸ್ವಾಮಿಗಳ ದೃಷ್ಟಿ

ಈ ಬಾಲಕರ ಭಾಗ್ಯ ತೆರೆದದ್ದು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರಿಂದ. 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಬಾದಾಮಿ ತಾಲ್ಲೂಕಿನಲ್ಲಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದ ಆ ಪೂಜ್ಯರ ಹೆಸರು ನಮ್ಮ ಭಕ್ತರಿಗೆ ಹೊಸದಲ್ಲ. ಅವರು ಈ ಅಂಧ ಬಾಲಕರ ಹಾಡು ಕೇಳಿ, ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು.

ಇಲ್ಲಿ ಒಂದು ಮಾತನ್ನು ಭಕ್ತರು ಗಮನಿಸಬೇಕು. ಕುರುಡು ಮಗುವನ್ನು ಕಂಡವರೆಲ್ಲ ಕರುಣೆ ತೋರಿಸುತ್ತಾರೆ. ಒಂದು ಹಿಡಿ ಜೋಳ ಹಾಕುತ್ತಾರೆ, ಒಂದು ಹಳೆಯ ಬಟ್ಟೆ ಕೊಡುತ್ತಾರೆ. ಅದು ಅಂದಿನ ಖರ್ಚು, ಅಂದೇ ತೀರಿಹೋಗುತ್ತದೆ. ಕುಮಾರ ಮಹಾಸ್ವಾಮಿಗಳು ಮಗುವಿನಲ್ಲಿ ಇಲ್ಲದ್ದನ್ನು ಬಿಟ್ಟು ಇದ್ದದ್ದನ್ನು ನೋಡಿದರು. ಕಣ್ಣಿಲ್ಲ, ಕಂಠವಿದೆ. ಆ ಕಂಠವನ್ನು ಒಳ್ಳೆಯ ಗುರುಗಳ ಕೈಗೆ ಒಪ್ಪಿಸಿ ವರ್ಷಗಟ್ಟಲೆ ಖರ್ಚು ವಹಿಸಿದರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅವರು ಹಾಕಿದ್ದು ಬಂಡವಾಳ. ಅದರ ಫಲವನ್ನು ನಾಡು ಇಂದಿಗೂ ಉಣ್ಣುತ್ತಿದೆ.

ಸಂಗೀತಾಭ್ಯಾಸ

ಗದಿಗೆಯ್ಯನವರು ಮೊದಲು ಕರ್ನಾಟಕ ಸಂಗೀತ ಕಲಿತರು. ಆ ಮೇಲೆ ಹಿಂದೂಸ್ತಾನಿ ಸಂಗೀತಕ್ಕೆ ಮಿರಜಿನ ನೀಲಕಂಠ ಬುವಾ ಅವರು ಗುರುಗಳಾಗಿ ದೊರೆತರು. ಗ್ವಾಲಿಯರ್ ಘರಾಣೆಯ ಈ ಹಿರಿಯ ಗವಾಯಿಗಳ ಬಳಿಯಲ್ಲಿಯೇ ಮುಂದೆ ಪಂಡಿತ ಮಲ್ಲಿಕಾರ್ಜುನ ಮನಸೂರರೂ ಕಲಿತರೆಂಬುದನ್ನು ನೆನೆದರೆ ಆ ಗುರುವಿನ ಯೋಗ್ಯತೆ ತಿಳಿಯುತ್ತದೆ. ಕುರುಡು ಹುಡುಗನಲ್ಲವೇ, ನಾಲ್ಕು ಭಜನೆ ಪದ ಬಂದರೆ ಸಾಕು ಎಂದು ಯಾರೂ ಅರ್ಧಕ್ಕೆ ಬಿಡಲಿಲ್ಲ. ಕಣ್ಣಿದ್ದವರಿಗೆ ಎಂಥ ಗುರು ಬೇಕೋ ಅಂಥ ಗುರುವನ್ನೇ ಈ ಬಾಲಕನಿಗೂ ಒದಗಿಸಲಾಯಿತು.

ಗದಿಗೆಯ್ಯನವರು ಪಂಚಾಕ್ಷರ ಗವಾಯಿಗಳಾದರು. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಪಡೆದದ್ದರಿಂದ ಉಭಯ ಗಾನ ವಿಶಾರದರೆಂದು ಹೆಸರಾದರು. ಹಾಡುವುದರ ಜೊತೆಗೆ ತಬಲಾ ಮುಂತಾದ ವಾದ್ಯಗಳಲ್ಲಿಯೂ ಪಳಗಿದರು. ಆಗಿನ ಕಾಲದಲ್ಲಿ ಇಂಥ ವಿದ್ಯಾವಂತರಿಗೆ ಸಂಸ್ಥಾನಗಳಲ್ಲಿ, ನಾಟಕ ಕಂಪನಿಗಳಲ್ಲಿ ಒಳ್ಳೆಯ ಗೌರವ ಸಂಭಾವನೆಗಳು ಸಿಗುತ್ತಿದ್ದವು. ತಮ್ಮ ಒಬ್ಬರ ಬಾಳು ಹಸನಾಯಿತೆಂದು ಅವರು ಸುಮ್ಮನಿರಬಹುದಿತ್ತು. ಹಾಗೆ ಮಾಡಲಿಲ್ಲ. ಮದುವೆ ಸಂಸಾರಗಳನ್ನು ಬಿಟ್ಟು ಬ್ರಹ್ಮಚಾರಿಯಾಗಿಯೇ ಉಳಿದು, ತಮಗೆ ದೊರೆತದ್ದನ್ನು ತಮ್ಮಂಥ ಮಕ್ಕಳಿಗೆ ಹಂಚುವ ಕೆಲಸಕ್ಕೆ ನಿಂತರು.

ಸಂಚಾರಿ ಪಾಠಶಾಲೆ

1914ರ ಸುಮಾರಿಗೆ ಕುಮಾರ ಮಹಾಸ್ವಾಮಿಗಳ ಆಶೀರ್ವಾದದಿಂದ ಗವಾಯಿಗಳ ಸಂಗೀತ ಪಾಠಶಾಲೆ ಆರಂಭವಾಯಿತು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ, ಉಂಬಳಿ ಇರಲಿಲ್ಲ, ಸರಕಾರದ ಗ್ರಾಂಟೂ ಇರಲಿಲ್ಲ. ಆದುದರಿಂದ ಅದು ಊರಿಂದೂರಿಗೆ ಹೋಗುವ ಸಂಚಾರಿ ಪಾಠಶಾಲೆಯಾಯಿತು. ಗುರುಗಳು ಮತ್ತು ಶಿಷ್ಯರು ಒಂದು ಊರಿಗೆ ಹೋಗಿ ಇಳಿಯುವರು. ಊರ ಭಕ್ತರು ದಾಸೋಹಕ್ಕೆ ಜೋಳ, ಬೇಳೆ, ಕಟ್ಟಿಗೆ ಒದಗಿಸುವರು. ಬೆಳಗಿನ ಜಾವ ಪಾಠ, ಸಂಜೆ ಹಾಡು, ಕೀರ್ತನೆ. ಕೆಲವು ಕಾಲದ ಮೇಲೆ ಮುಂದಿನ ಊರು.

ಈ ಸಂಚಾರದಿಂದ ಎರಡು ಪ್ರಯೋಜನಗಳಾದವು. ಒಂದು, ಮನೆಯ ಮೂಲೆಯಲ್ಲಿ ಕುಳಿತಿದ್ದ ಅಂಧ ಮಕ್ಕಳು ಗುರುಗಳ ಕಿವಿಗೆ ಬೀಳುವಂತಾಯಿತು. ದೂರದ ಊರಲ್ಲಿ ಶಾಲೆ ಇದ್ದಿದ್ದರೆ ಆ ಮಕ್ಕಳನ್ನು ಯಾರೂ ಅಲ್ಲಿಯವರೆಗೆ ಕಳಿಸುತ್ತಿರಲಿಲ್ಲ. ಶಾಲೆಯೇ ಅವರ ಊರಿಗೆ ಬಂತು. ಎರಡು, ಕಲಿಯುವ ಮಕ್ಕಳು ಮೊದಲ ದಿನದಿಂದಲೇ ಜನರ ಎದುರಿನಲ್ಲಿ ಹಾಡಿ, ನುಡಿಸಿ ರೂಢಿಯಾದರು. ಊರ ಜನರೂ ಕುರುಡರೆಂದರೆ ಭಿಕ್ಷುಕರೆಂಬ ಭಾವನೆ ಬಿಟ್ಟು, ಇವರು ವಿದ್ಯೆ ಬಲ್ಲವರೆಂದು ಕಾಣತೊಡಗಿದರು.

ಪಾಠಶಾಲೆಯಲ್ಲಿ ಅಂಧರ ಜೊತೆಗೆ ಅನಾಥರೂ, ಬಡ ಮನೆಯ ಕಣ್ಣಿದ್ದ ಮಕ್ಕಳೂ ಇದ್ದರು. ಜಾತಿಯ ಕಟ್ಟು ಅಲ್ಲಿರಲಿಲ್ಲ. ಕಣ್ಣಿದ್ದವನು ಕಣ್ಣಿಲ್ಲದವನ ಕೈ ಹಿಡಿದು ನಡೆಸುವನು. ಕಣ್ಣಿಲ್ಲದವನು ಮರೆತ ಸ್ವರವನ್ನು ನೆನಪು ಮಾಡಿಕೊಡುವನು. ಈಗ ಸರಕಾರದವರು ಎಲ್ಲ ಬಗೆಯ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯಬೇಕೆಂದು ಹೇಳುತ್ತಿದ್ದಾರೆ. ಗವಾಯಿಗಳಲ್ಲಿ ಅದು ಶತಮಾನದ ಹಿಂದೆಯೇ ನಡೆದಿತ್ತು.

ಗದಗಿನಲ್ಲಿ ನೆಲೆ

1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಆಧಾರಸ್ತಂಭವೇ ಹೋದಂತಾದರೂ ಗವಾಯಿಗಳು ಧೈರ್ಯಗೆಡಲಿಲ್ಲ. ಶಿಷ್ಯರ ಸಂಖ್ಯೆ ಬೆಳೆಯುತ್ತ ಹೋಯಿತು. ಎಷ್ಟು ದಿನ ಊರೂರು ತಿರುಗುವುದು? ಮಕ್ಕಳಿಗೆ ಒಂದು ಸ್ಥಿರವಾದ ಸೂರು ಬೇಕಾಯಿತು. ಗದಗಿನ ದಾನಿಗಳಾದ ಬಸರಿಗಿಡದ ವೀರಪ್ಪನವರ ನೆರವಿನಿಂದ ಅಲ್ಲಿ ನೆಲೆ ದೊರೆಯಿತು. ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಲ್ಲಿ ಆ ದಾನಿಗಳ ನೆನಪು ಉಳಿದಿದೆ.

ಗದಗು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು. ನಮ್ಮ ಆದವಾನಿಯ ಹಾಗೆಯೇ ಜಿನ್ನು, ಪ್ರೆಸ್ಸು, ಅಡತಿ ಅಂಗಡಿಗಳು, ರೈತರ ಬಂಡಿಗಳ ಸಾಲು ಇದ್ದ ಪೇಟೆ. ಅಂಥ ಪೇಟೆಯ ವರ್ತಕರೂ ಸುತ್ತಲಿನ ರೈತರೂ ಕೂಡಿ ಆಶ್ರಮದ ದಾಸೋಹವನ್ನು ನಡೆಸಿದರು. ಸುಗ್ಗಿಯಲ್ಲಿ ಧಾನ್ಯ ಬರುವುದು, ಹಬ್ಬದಲ್ಲಿ ಕಾಣಿಕೆ ಬರುವುದು, ಉಳಿದ ತಿಂಗಳುಗಳಲ್ಲಿ ಕೈ ಕಟ್ಟುವುದು. ಧರ್ಮಸಂಸ್ಥೆಗಳ ಜಮಾಖರ್ಚು ಬರೆಯುವವರಿಗೆಲ್ಲ ಈ ಅನುಭವ ಗೊತ್ತಿದ್ದದ್ದೇ. ನೂರಾರು ಮಕ್ಕಳ ಊಟದ ಖರ್ಚು ಬರೀ ಕಾಣಿಕೆಯಿಂದ ನಡೆಯುವುದು ಕಷ್ಟ. ಕಲಿತ ವಿದ್ಯೆಯಿಂದಲೇ ಆದಾಯ ಬರುವ ದಾರಿಯನ್ನು ಗವಾಯಿಗಳು ಹುಡುಕಿದರು.

ನಾಟಕ ಕಂಪನಿ

ಅದಕ್ಕಾಗಿ ಅವರು ಆರಿಸಿಕೊಂಡದ್ದು ನಾಟಕ ಕಂಪನಿಯನ್ನು. ಸನ್ಯಾಸಿಯಂತೆ ಬಾಳುವವರು ನಾಟಕ ಕಂಪನಿ ಕಟ್ಟುವುದೆಂದರೆ ಇಂದಿಗೂ ಹುಬ್ಬೇರಿಸುವವರಿದ್ದಾರೆ. ಆದರೆ ಆ ಕಾಲದಲ್ಲಿ ಸಂಗೀತ ಬಲ್ಲವರಿಗೆ ತಿಂಗಳ ಪಗಾರ ಕೊಡುವ ಕಾರಖಾನೆಯೆಂದರೆ ನಾಟಕ ಕಂಪನಿಯೇ ಆಗಿತ್ತು. ಕಂಪನಿ ನಾಟಕವೆಂದರೆ ಅರ್ಧಕ್ಕರ್ಧ ಹಾಡು. ಪೇಟಿ ಬೇಕು, ತಬಲಾ ಬೇಕು, ಸಾರಂಗಿ ಪಿಟೀಲು ಬೇಕು, ಹಾಡುಗಳಿಗೆ ಧಾಟಿ ಕೂಡಿಸುವವರು ಬೇಕು, ಪಾತ್ರಧಾರಿಗಳಿಗೆ ಹಾಡು ಕಲಿಸುವ ಮಾಸ್ತರರು ಬೇಕು. ಈ ಯಾವ ಕೆಲಸಕ್ಕೂ ಕಣ್ಣು ಬೇಕೇ ಬೇಕೆಂದಿಲ್ಲ. ಕಿವಿ ಬೇಕು, ಕೈ ಬೇಕು, ನೆನಪು ಬೇಕು. ಆಶ್ರಮದ ಮಕ್ಕಳಿಗೆ ಇವೆಲ್ಲ ಇದ್ದವು. ವೇಷ ಹಾಕುವ ಕೆಲಸ ಕಣ್ಣಿದ್ದ ಶಿಷ್ಯರದು, ಹಿಮ್ಮೇಳ ಕಣ್ಣಿಲ್ಲದವರದು.

ಶಾಲೆಯಲ್ಲಿ ಕಲಿತದ್ದಕ್ಕೂ ಹೊರಗಿನ ದುಡಿಮೆಗೂ ನಡುವೆ ಒಂದು ಹಳ್ಳವಿರುತ್ತದೆ. ಎಷ್ಟೋ ಮಕ್ಕಳು ಆ ಹಳ್ಳದಲ್ಲಿ ಬೀಳುತ್ತಾರೆ. ಗವಾಯಿಗಳ ನಾಟಕ ಕಂಪನಿ ಆ ಹಳ್ಳಕ್ಕೆ ಹಾಕಿದ ಸಂಕದಂತೆ ಇತ್ತು. ಶಿಷ್ಯನು ಗುರುವಿನ ಕಣ್ಗಾವಲಿನಲ್ಲಿಯೇ ನಿಜವಾದ ಕೆಲಸ ಮಾಡುವನು. ಹೊತ್ತಿಗೆ ಸರಿಯಾಗಿ ಹಾಜರಾಗುವುದು, ನೂರಾರು ಜನರೆದುರು ತಪ್ಪಿಲ್ಲದೆ ನುಡಿಸುವುದು, ಇತರರೊಡನೆ ಹೊಂದಿಕೊಂಡು ಹೋಗುವುದು ಇವನ್ನೆಲ್ಲ ಅಲ್ಲಿ ಕಲಿಯುವನು. ತಾನು ನುಡಿಸಿದ್ದಕ್ಕೆ ಟಿಕೇಟು ಕೊಟ್ಟು ಜನ ಬರುತ್ತಾರೆಂಬುದು ತಿಳಿದ ಮೇಲೆ ಅವನ ಎದೆಗೆ ಬರುವ ಧೈರ್ಯ ಯಾವ ಉಪದೇಶದಿಂದಲೂ ಬರುವಂಥದಲ್ಲ.

ಬೇರೆ ದೇಶಗಳಲ್ಲಿಯೂ ಇಂಥ ಪ್ರಯತ್ನ ನಡೆದದ್ದುಂಟು. ಪ್ಯಾರಿಸ್ ನಗರದ ಅಂಧರ ಶಾಲೆಯಲ್ಲಿ ಕಲಿತ ಕ್ಲೋಡ್ ಮೊಂತಾಲ್ ಎಂಬ ಕುರುಡರು ಪಿಯಾನೋ ವಾದ್ಯದ ಶ್ರುತಿ ಕೂಡಿಸುವ ಕಸುಬನ್ನು ಸಾಧಿಸಿ, 1836ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಮುಂದೆ ಯುರೋಪಿನಲ್ಲಿ ಅದು ಅಂಧರಿಗೆ ಒಂದು ಗೌರವದ ಉದ್ಯೋಗವಾಯಿತು. ಬ್ರೈಲ್ ಲಿಪಿ ಕೊಟ್ಟ ಲೂಯಿ ಬ್ರೈಲ್ ಅವರೂ ಚರ್ಚುಗಳಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದರು. ಆ ಊರಲ್ಲಿ ಚರ್ಚು ಮತ್ತು ಪಿಯಾನೋ. ನಮ್ಮಲ್ಲಿ ನಾಟಕ, ಕೀರ್ತನೆ ಮತ್ತು ಪುರಾಣ. ಊರಿಗೆ ಯಾವ ಕೆಲಸದ ಗಿರಾಕಿ ಇದೆಯೋ ಅದನ್ನೇ ಕಲಿಸಬೇಕೆಂಬುದು ಎರಡೂ ಕಡೆಯಲ್ಲಿ ಕಂಡುಬರುವ ತತ್ವ.

ಹಂಪಿಯ ಉತ್ಸವ

ವಿಜಯನಗರ ಸಾಮ್ರಾಜ್ಯ ಸ್ಥಾಪನೆಯಾಗಿ 600 ವರ್ಷ ತುಂಬಿದ ನಿಮಿತ್ತ 1936ರಲ್ಲಿ ಹಂಪಿಯಲ್ಲಿ ದೊಡ್ಡ ಉತ್ಸವ ನಡೆಯಿತು. ಆಗ ಹಂಪಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಮ್ಮ ಆದವಾನಿ, ಆಲೂರು ತಾಲ್ಲೂಕುಗಳೂ ಅದೇ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಇವು ಕರ್ನೂಲು ಜಿಲ್ಲೆಗೆ ಬಂದವು. ಹೀಗೆ ಹಂಪಿಯ ಆ ಉತ್ಸವ ನಮ್ಮ ಹಿರಿಯರ ಜಿಲ್ಲೆಯಲ್ಲಿಯೇ ನಡೆದದ್ದು.

ಆ ಉತ್ಸವದಲ್ಲಿ ಯಲಿವಾಳದ ಯುವಕ ಬಸವರಾಜ ರಾಜಗುರು ಅವರ ಗಾಯನ ಏರ್ಪಾಡಾಯಿತು. ರಾಜಗುರು ಅವರು ಕಣ್ಣಿದ್ದವರು, ಬಾಲ್ಯದಲ್ಲಿಯೇ ಗವಾಯಿಗಳ ಶಿಷ್ಯರಾದವರು. ದೊಡ್ಡ ಸಭೆಯಲ್ಲಿ ಅವರಿಗೆ ಅದು ಮೊದಲ ಕಚೇರಿ. ಅಂದು ಪಕ್ಕದಲ್ಲಿ ಕುಳಿತು ತಬಲಾ ನುಡಿಸಿದವರು ಸ್ವತಃ ಪಂಚಾಕ್ಷರ ಗವಾಯಿಗಳು. ಗುರುವಾದವರು ಮೇಲಿನ ಪೀಠದಲ್ಲಿ ಕುಳಿತು ಶಿಷ್ಯನ ಹಾಡು ಕೇಳುವುದು ವಾಡಿಕೆ. ಇಲ್ಲಿ ಗುರುಗಳೇ ಸಾಥಿದಾರರಾಗಿ, ಶಿಷ್ಯ ಮುಂದೆ, ತಾವು ಹಿಂದೆ ಎಂಬಂತೆ ಕುಳಿತರು. ಅಂದಿನಿಂದ ರಾಜಗುರು ಅವರ ಹೆಸರು ನಾಡಿನಲ್ಲಿ ಹಬ್ಬಿತು. ಮುಂದೆ ಭಾರತದ ಅಗ್ರಗಣ್ಯ ಗಾಯಕರಲ್ಲಿ ಒಬ್ಬರಾಗಿ 1991ರಲ್ಲಿ ಪದ್ಮಭೂಷಣ ಪಡೆದರು.

ಕಲಿಸಿದವರು ಮೊದಲ ಕೆಲಸದ ದಿನ ಜೊತೆಯಲ್ಲಿರಬೇಕೆಂಬುದು ಗವಾಯಿಗಳ ಪದ್ಧತಿ. ಕಣ್ಣಿದ್ದ ಶಿಷ್ಯನಿಗೇ ಅದು ಅಷ್ಟು ಬೇಕಾದರೆ ಕಣ್ಣಿಲ್ಲದವನಿಗೆ ಎಷ್ಟು ಬೇಕೆಂಬುದನ್ನು ಭಕ್ತರೇ ಊಹಿಸಬಹುದು.

ಗವಾಯಿಗಳ ಶಿಷ್ಯ ಬಳಗ ದೊಡ್ಡದು. ಅರ್ಜುನಸಾ ನಾಕೋಡ ಅವರು ಪ್ರಸಿದ್ಧ ಸಂಗೀತಗಾರರಾದರು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಶಾಸ್ತ್ರೀಯ ಸಂಗೀತ ಮತ್ತು ವಚನ ಗಾಯನದಲ್ಲಿ ಹೆಸರಾದರು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಆಗ ಗದಗು ಮುಂಬಯಿ ಪ್ರಾಂತ, ರಾಯಚೂರು ನಿಜಾಮರ ಸೀಮೆ, ನಮ್ಮದು ಮದರಾಸು ಪ್ರಾಂತ. ಮೂರು ಸರಕಾರಗಳ ಗಡಿಗಳು ಗವಾಯಿಗಳ ವಿದ್ಯೆಗೆ ಅಡ್ಡಬರಲಿಲ್ಲ.

ಲಿಂಗೈಕ್ಯ ಮತ್ತು ಪರಂಪರೆ

1944ನೆಯ ಇಸವಿ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಆಗ ಅವರಿಗೆ 52 ವರ್ಷ. ಅನೇಕ ಸಂಸ್ಥೆಗಳು ಸ್ಥಾಪಕರ ಜೊತೆಗೇ ಮುಗಿದುಹೋಗುತ್ತವೆ. ಪುಣ್ಯಾಶ್ರಮ ಮುಗಿಯಲಿಲ್ಲ. ಅದರ ಹೊಣೆಯನ್ನು ಹೊತ್ತವರು ಇನ್ನೊಬ್ಬ ಅಂಧರು, ಗವಾಯಿಗಳ ಕೈಯಲ್ಲಿಯೇ ಬೆಳೆದ ಶ್ರೀ ಪುಟ್ಟರಾಜ ಗವಾಯಿಗಳು.

ಪುಟ್ಟರಾಜರು 1914ರ ಮಾರ್ಚ್ 3ರಂದು ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಜನಿಸಿ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಅನೇಕ ವಾದ್ಯಗಳನ್ನು ನುಡಿಸಬಲ್ಲವರಾದರು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥ ರಚಿಸಿದರು, ನಾಟಕಗಳನ್ನು ಬರೆದರು, ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಭಕ್ತರು ಊರೂರಿನಲ್ಲಿ ಮಾಡಿದ ಅಸಂಖ್ಯ ತುಲಾಭಾರಗಳ ಕಾಣಿಕೆಯನ್ನೆಲ್ಲ ಆಶ್ರಮದ ಮಕ್ಕಳಿಗೇ ಅರ್ಪಿಸಿದರು. 2010ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿತು. ಅದೇ ವರ್ಷ ಸೆಪ್ಟೆಂಬರ್ 17ರಂದು 96ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಬಳ್ಳಾರಿ ಬಳಿಯ ಲಕ್ಷ್ಮೀಪುರದ ಪಂಡಿತ ಎಂ. ವೆಂಕಟೇಶಕುಮಾರ್ ಅವರು ಇದೇ ಆಶ್ರಮದಲ್ಲಿ ಪುಟ್ಟರಾಜರ ಬಳಿ ಸುಮಾರು 12 ವರ್ಷ ಕಲಿತು, ಧಾರವಾಡದಲ್ಲಿ ಸಂಗೀತ ಪ್ರಾಧ್ಯಾಪಕರಾಗಿ, 2016ರಲ್ಲಿ ಪದ್ಮಶ್ರೀ ಪಡೆದರು.

ಹೆಸರು ಮಾಡಿದವರು ಬೆರಳೆಣಿಕೆಯವರು. ಹೆಸರು ಮಾಡದೆ ಹೊಟ್ಟೆ ತುಂಬಿಸಿಕೊಂಡು ನೆಮ್ಮದಿಯಿಂದ ಬಾಳಿದವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದವರು, ಆಕಾಶವಾಣಿಯಲ್ಲಿ ಹಾಡಿದವರು, ಮಠಮಂದಿರಗಳಲ್ಲಿ ಸೇವೆಗೆ ನಿಂತವರು, ಶ್ರಾವಣ ಮಾಸದ ಪುರಾಣಕ್ಕೆ ಗವಾಯಿಗಳಾಗಿ, ತಬಲಜಿಗಳಾಗಿ ಹೋಗುವವರು, ಊರಲ್ಲಿ ನಾಲ್ಕು ಮಕ್ಕಳಿಗೆ ಪೇಟಿ ಕಲಿಸುವವರು. ಪುಣ್ಯಾಶ್ರಮದ ನಿಜವಾದ ಗಳಿಕೆ ಇವರೇ.

1995ರಲ್ಲಿ ಗವಾಯಿಗಳ ಬಾಳನ್ನು ಕುರಿತು ಕನ್ನಡ ಚಲನಚಿತ್ರ ಬಂತು. ಅದರ ಸಂಗೀತಕ್ಕೆ ಹಂಸಲೇಖ ಅವರೂ, ಗಾಯನಕ್ಕೆ ತೆಲುಗು ನಾಡಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೂ ರಾಷ್ಟ್ರಪ್ರಶಸ್ತಿ ಪಡೆದರು. ತೆಲುಗು ಕನ್ನಡ ಎರಡೂ ಆಡುವ ನಮ್ಮ ಮನೆಗಳಲ್ಲಿ ಗವಾಯಿಗಳ ಹೆಸರನ್ನು ಆ ಚಿತ್ರದಿಂದ ತಿಳಿದವರು ಬಹಳ ಜನ.

ನಮ್ಮ ಭಾಗಕ್ಕೆ ಪಾಠ

ಇಷ್ಟು ಓದಿ, ಗವಾಯಿಗಳು ದೊಡ್ಡವರು, ನಮ್ಮಿಂದ ಆಗುವುದಲ್ಲ ಎಂದು ಕೈಮುಗಿದು ಸುಮ್ಮನಾದರೆ ಈ ಚರಿತ್ರೆಯಿಂದ ಪ್ರಯೋಜನವಿಲ್ಲ. ಕುರುಡು ಮಗುವೆಂದರೆ ಪೇಟಿಯೇ ಗತಿ ಎಂದು ತಿಳಿಯುವುದೂ ತಪ್ಪು. ಎಲ್ಲರಿಗೂ ಕಂಠವಿರುವುದಿಲ್ಲ. ಕಿವುಡರಿಗೆ, ಕಾಲಿಲ್ಲದವರಿಗೆ, ಬುದ್ಧಿ ನಿಧಾನವಾಗಿ ಬೆಳೆಯುವವರಿಗೆ ಬೇರೆ ಬೇರೆ ದಾರಿಗಳು ಬೇಕು. ಗವಾಯಿಗಳಿಂದ ನಾವು ಕಲಿಯಬೇಕಾದದ್ದು ಅವರ ಕ್ರಮ: ಮಗುವಿನಲ್ಲಿ ಇರುವ ಶಕ್ತಿಯನ್ನು ಚಿಕ್ಕಂದಿನಲ್ಲಿಯೇ ಗುರುತಿಸುವುದು, ಒಂದು ಕಸುಬನ್ನು ಪೂರ್ತಿಯಾಗಿ ಒಳ್ಳೆಯ ಗುರುವಿನಿಂದ ಕಲಿಸುವುದು, ಊರಲ್ಲಿ ಗಿರಾಕಿ ಇರುವ ಕೆಲಸವನ್ನೇ ಆರಿಸುವುದು, ಮೊದಲ ದಿನಗಳಲ್ಲಿ ಜೊತೆಗೆ ನಿಲ್ಲುವುದು.

ಇಂದು ಕಾನೂನಿನ ಬಲವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ಊನಗಳನ್ನು ಗುರುತಿಸಲಾಗಿದೆ. ಶೇಕಡಾ 40 ಅಥವಾ ಹೆಚ್ಚು ಊನವಿರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಶೇಕಡಾ 5ರಷ್ಟು ಸ್ಥಾನ, ಸರಕಾರಿ ನೌಕರಿಯಲ್ಲಿ ಶೇಕಡಾ 4ರಷ್ಟು ಹುದ್ದೆಗಳನ್ನು ಮೀಸಲಿಡಬೇಕೆಂದಿದೆ. ಸ್ವಂತ ಉದ್ಯೋಗ ಮಾಡುವವರಿಗೆ ಸಾಲ ಕೊಡಲು 1997ರಲ್ಲಿಯೇ ಕೇಂದ್ರ ಸರಕಾರದ ನಿಗಮ ಸ್ಥಾಪನೆಯಾಗಿದೆ. ನಮ್ಮ ಆಂಧ್ರದಲ್ಲಿ ಇದಕ್ಕೆಲ್ಲ ಮೊದಲ ಕಾಗದ ಸದರಂ ಸರ್ಟಿಫಿಕೇಟು. ಅದಿಲ್ಲದೆ ಯಾವ ಕಚೇರಿಯಲ್ಲಿಯೂ ಕೆಲಸವಾಗುವುದಿಲ್ಲ. ಮಗು ಶಾಲೆಯಲ್ಲಿರುವಾಗಲೇ ಅದನ್ನು ಮಾಡಿಸಿಡಬೇಕು. ಹತ್ತನೆಯ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಪಡೆಯಲಿಕ್ಕೂ ಅದು ಬೇಕಾಗುತ್ತದೆ.

2024ರ ಜುಲೈಯಲ್ಲಿ ಆಂಧ್ರ ಸರಕಾರ ಅಂಗವಿಕಲರ ಪಿಂಚಣಿಯನ್ನು ತಿಂಗಳಿಗೆ 3000 ರೂಪಾಯಿಯಿಂದ 6000 ರೂಪಾಯಿಗೆ ಏರಿಸಿತು. ಬಡ ಮನೆಗಳಿಗೆ ಇದು ದೊಡ್ಡ ಆಸರೆ. ಆದರೆ ಪಿಂಚಣಿ ಬರುತ್ತದಲ್ಲ, ಇವನಿಗೇಕೆ ಕೆಲಸ ಎಂಬ ಮಾತು ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಇದು ಸರಿಯಲ್ಲ. ಹಣದಿಂದ ಹೊಟ್ಟೆ ತುಂಬೀತು. ಬೆಳಗಾದರೆ ಎದ್ದು ಹೋಗುವ ಒಂದು ಜಾಗ, ತನ್ನನ್ನು ಕೇಳುವ ನಾಲ್ಕು ಜನ, ತಾನೂ ಬೇಕಾದವನೆಂಬ ಭಾವನೆ ಇವು ಕೆಲಸದಿಂದಲೇ ಬರುತ್ತವೆ. ಶರಣರು ಕಾಯಕಕ್ಕೆ ಕೊಟ್ಟ ಸ್ಥಾನ ನಮಗೆ ತಿಳಿದದ್ದೇ. ಆ ಕಾಯಕದಿಂದ ಒಬ್ಬ ಮನುಷ್ಯನನ್ನು ಅವನ ಊನದ ಕಾರಣಕ್ಕೆ ದೂರವಿಡುವುದು ನ್ಯಾಯವಲ್ಲ.

ಕೆಲಸಗಳು ನಮ್ಮ ಸುತ್ತಮುತ್ತಲೇ ಇವೆ. ಆದವಾನಿಯ ಹತ್ತಿ, ಶೇಂಗಾ ಪೇಟೆಯ ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆಯಲು, ಬಿಲ್ಲು ಮಾಡಲು, ಕಂಪ್ಯೂಟರಿನಲ್ಲಿ ಖಾತೆ ಹಾಕಲು ಜನ ಬೇಕು. ಕಾಲಿಗೆ ಊನವಾದ, ಓದು ಬಲ್ಲ ಹುಡುಗನಿಗೆ ಗಾದಿಯ ಮೇಲೆ ಕುಳಿತು ಮಾಡುವ ಈ ಕೆಲಸಕ್ಕೆ ಅಡ್ಡಿಯೇನಿದೆ? ಕಿವಿ ಕೇಳದವರ ಕೈಯ ಕೆಲಸ, ಕಣ್ಣಿನ ಸೂಕ್ಷ್ಮತೆ ಅನೇಕ ಸಲ ಉಳಿದವರಿಗಿಂತ ಮೇಲು. ಹೊಲಿಗೆ, ಬಡಗಿತನ, ಮೋಟಾರು ರಿಪೇರಿ ಇವು ಅವರಿಗೆ ಒಗ್ಗುತ್ತವೆ. ಎಮ್ಮಿಗನೂರಿನ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವಂಥ ಕೆಲಸಗಳಿವೆ. ಕಣ್ಣಿಲ್ಲದವರೂ ಈಗ ಮಾತನಾಡುವ ಸಾಫ್ಟ್‌ವೇರಿನ ಸಹಾಯದಿಂದ ಕಂಪ್ಯೂಟರು, ಮೊಬೈಲು ಬಳಸಿ ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ ನೌಕರಿ ಮಾಡುತ್ತಿದ್ದಾರೆ. ಹಾಡಿನ ಒಲವಿದ್ದ ಮಗುವಿಗೆ ಗದಗಿನ ದಾರಿ ತೆರೆದೇ ಇದೆ. ಗುಂತಕಲ್ಲಿಗೆ ಹೋದರೆ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಗದಗಿಗೆ ರೈಲು ಮಾರ್ಗವಿದೆ.

ವರ್ತಕ ಬಂಧುಗಳಲ್ಲಿ ಒಂದು ಅರಿಕೆ. ಜಾತ್ರೆಗೆ, ದಾಸೋಹಕ್ಕೆ ತಾವು ಧಾರಾಳವಾಗಿ ಕೊಡುತ್ತೀರಿ. ಅದರ ಜೊತೆಗೆ, ಶಾಲೆ ಮುಗಿಸಿದ ಒಬ್ಬ ಅಂಗವಿಕಲ ಯುವಕನನ್ನೋ ಯುವತಿಯನ್ನೋ ತಮ್ಮ ಅಂಗಡಿಯಲ್ಲಿ ಆರು ತಿಂಗಳ ಮಟ್ಟಿಗೆ ಕೆಲಸ ಕಲಿಯಲು ಇಟ್ಟುಕೊಳ್ಳಿರಿ. ಧರ್ಮಕ್ಕೆಂದು ಪಗಾರ ಕೊಡುವುದು ಬೇಡ; ಮಾಡಿದ ಕೆಲಸಕ್ಕೆ ಸರಿಯಾದ ಪಗಾರ ಕೊಡಿರಿ. ಮೊದಲ ತಿಂಗಳು ತಪ್ಪುಗಳಾಗುತ್ತವೆ. ಯಾವ ಗುಮಾಸ್ತನೂ ಮೊದಲ ದಿನವೇ ತಪ್ಪಿಲ್ಲದೆ ಖಾತೆ ಬರೆದದ್ದಿಲ್ಲ. ರೈತ ಬಂಧುಗಳು ತಮ್ಮ ಊರಲ್ಲಿ ಇಂಥ ಮಕ್ಕಳು ಎಷ್ಟು ಜನರಿದ್ದಾರೆ, ಏನು ಓದಿದ್ದಾರೆ, ಯಾವುದರಲ್ಲಿ ಆಸಕ್ತಿ ಇದೆ ಎಂದು ವಿಚಾರಿಸಿ, ಶ್ರೀಮಠಕ್ಕೆ ತಿಳಿಸಿದರೆ ಮುಂದಿನ ದಾರಿ ಹುಡುಕಲು ಅನುಕೂಲವಾಗುತ್ತದೆ. ಹೆಣ್ಣುಮಕ್ಕಳನ್ನು ಮರೆಯಬಾರದು. ಊನವಿರುವ ಗಂಡುಮಗ ಕಟ್ಟೆಯ ಮೇಲಾದರೂ ಕಾಣುತ್ತಾನೆ. ಹೆಣ್ಣುಮಗಳು ಒಳಮನೆಯಲ್ಲಿಯೇ ಉಳಿದುಬಿಡುತ್ತಾಳೆ.

ಕಾಡಶೆಟ್ಟಿಹಳ್ಳಿಯ ಬಡ ಮನೆಯ ಕುರುಡು ಬಾಲಕನ ಕಡೆಗೆ ಒಬ್ಬ ಮಹಾಸ್ವಾಮಿಗಳು ಗಮನ ಕೊಟ್ಟದ್ದರಿಂದ ಒಂದು ಪುಣ್ಯಾಶ್ರಮವೇ ಎದ್ದು ನಿಂತಿತು. ನಮ್ಮ ಹಳ್ಳಿಗಳಲ್ಲಿಯೂ ಅಂಥ ಬಾಲಕ ಬಾಲಕಿಯರಿದ್ದಾರೆ. ಅವರ ಕಡೆಗೆ ಗಮನ ಕೊಡುವುದೇ ಗಾನಯೋಗಿಗಳ ಪುಣ್ಯಸ್ಮರಣೆಯನ್ನು ನಾವು ಆಚರಿಸುವ ಸರಿಯಾದ ರೀತಿ. ಸದ್ಭಕ್ತರು ಈ ವಿಷಯವನ್ನು ತಮ್ಮ ಊರಿನ ಸಭೆಗಳಲ್ಲಿ ಚರ್ಚಿಸಬೇಕೆಂದು ವಿನಂತಿಸುತ್ತೇವೆ.

ಶರಣು ಶರಣಾರ್ಥಿಗಳು.

ಕಾರ್ಯದರ್ಶಿ